ಬುಷ್, ಇರಾಕ್ ಮತ್ತು ಆ ಐದು ತಿಂಗಳು: ನಮ್ಮ ಮನೆಯ ಗುಂಪಿನಲ್ಲಿ ನಡೆದ ಚರ್ಚೆ

ಚಿಕ್ಕಪ್ಪ (ಹ್ಯೂಸ್ಟನ್), ಫಾರ್ವರ್ಡ್ ಆದ ಸಂದೇಶ:
ಜಾರ್ಜ್ ಡಬ್ಲ್ಯೂ. ಬುಷ್ ಅವರನ್ನು ಇಂದಿಗೂ ಬೈಯುವವರು ಇದನ್ನು ಓದಲಿ. ಸದ್ದಾಂ ಬಳಿ ಸಮೂಹನಾಶಕ ಅಸ್ತ್ರಗಳಿವೆ ಎಂದು ಅವರಿಗಿಂತ ಮೊದಲೇ ಹೇಳಿದವರು ಹಿಂದಿನ ಅಧ್ಯಕ್ಷ ಬಿಲ್ ಕ್ಲಿಂಟನ್. ಯುದ್ಧದ ಅಧಿಕಾರ ಕೊಟ್ಟದ್ದು ಸಂಸತ್ತು. ವಿರೋಧ ಪಕ್ಷದ ಸೆನೆಟರ್‌ಗಳಾಗಿದ್ದ ಹಿಲರಿ ಕ್ಲಿಂಟನ್, ಜಾನ್ ಕೆರಿ, ಜೋ ಬೈಡನ್ ಮೂವರೂ ಪರವಾಗಿಯೇ ಮತ ಹಾಕಿದ್ದರು. ವಿಯೆಟ್ನಾಂನಲ್ಲಿ 58 ಸಾವಿರ ಅಮೆರಿಕನ್ ಸೈನಿಕರು ಸತ್ತರು, ಇರಾಕ್‌ನಲ್ಲಿ ಸತ್ತವರು ಸುಮಾರು ನಾಲ್ಕೂವರೆ ಸಾವಿರ ಮಾತ್ರ. ಆಫ್ರಿಕಾದ ಏಡ್ಸ್ ರೋಗಿಗಳಿಗೆ ಔಷಧ ತಲುಪಿಸಿದವರು, ಭಾರತಕ್ಕೆ ಅಣು ಒಪ್ಪಂದ ಕೊಟ್ಟವರು ಅವರೇ. ಇತಿಹಾಸ ಅವರಿಗೆ ನ್ಯಾಯ ಒದಗಿಸುತ್ತದೆ.

ಚಿಕ್ಕಪ್ಪ (ಹ್ಯೂಸ್ಟನ್):
ಇಲ್ಲಿನ ಗೆಳೆಯರೊಬ್ಬರು ಕಳಿಸಿದ್ದನ್ನು ಎಲ್ಲರೂ ಓದಲೆಂದು ಇಲ್ಲಿ ಹಾಕಿದ್ದೇನೆ. ಅಮೆರಿಕದ ಪ್ರಜೆಯಾಗಿ 2004ರಲ್ಲಿ ನಾನು ಚಲಾಯಿಸಿದ ಮೊದಲ ಮತ ಬುಷ್ ಅವರಿಗೆ ಹೋಗಿತ್ತು, ಅದಕ್ಕಾಗಿ ನನಗೆ ವಿಷಾದವಿಲ್ಲ. ಇದರಲ್ಲಿ ಒಂದಾದರೂ ಸುಳ್ಳು ಇದ್ದರೆ ದಯವಿಟ್ಟು ತೋರಿಸಿಕೊಡಿ.

ಚಿಕ್ಕಪ್ಪನ ಮಗಳು (ಆಸ್ಟಿನ್):
ಅಪ್ಪಾ, ಇದು ಎಷ್ಟು ಸಲ ತಿರುಗಿ ಬಂದ ಸಂದೇಶ ಎಂದು ನಿಮಗೂ ಗೊತ್ತು. ಅಸ್ತ್ರಗಳು ಇಲ್ಲವೆಂದು ಬುಷ್ ಅವರಿಗೆ ಚೆನ್ನಾಗಿ ತಿಳಿದಿತ್ತು. ತಿಳಿದೂ ಸುಳ್ಳು ಹೇಳಿ ತೈಲಕ್ಕಾಗಿ ಯುದ್ಧ ಹೂಡಿದರು. ಇದರಲ್ಲಿ ಚರ್ಚೆ ಮಾಡುವಂಥದ್ದು ಏನೂ ಉಳಿದಿಲ್ಲ.

ನಾನು:
ಚಿಕ್ಕಪ್ಪ, ನೀವು ಕೇಳಿದ್ದೀರೆಂದು ಉತ್ತರ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದವಾಗಬಹುದು. ಆ ವರ್ಷಗಳಲ್ಲಿ ನಾನು ಪತ್ರಿಕೆಯೊಂದರ ವಿದೇಶ ಸುದ್ದಿ ಪುಟವನ್ನು ನೋಡಿಕೊಳ್ಳುತ್ತಿದ್ದುದರಿಂದ ಯಾವುದು ಯಾವಾಗ ನಡೆಯಿತು ಎಂಬುದು ಈಗಲೂ ನೆನಪಿನಲ್ಲಿದೆ.

ಒಂದೊಂದು ವಾಕ್ಯವನ್ನು ಬಿಡಿಯಾಗಿ ನೋಡಿದರೆ ನಿಮ್ಮ ಸಂದೇಶದಲ್ಲಿ ಹೆಚ್ಚಿನದು ನಿಜವೇ. ಇರಾಕ್ ವಿಮೋಚನಾ ಕಾಯ್ದೆಗೆ 1998ರಲ್ಲಿ ಸಹಿ ಹಾಕಿದವರು ಕ್ಲಿಂಟನ್; ಅದೇ ವರ್ಷದ ಡಿಸೆಂಬರ್‌ನಲ್ಲಿ ಇರಾಕ್ ಮೇಲೆ ಬಾಂಬ್ ದಾಳಿ ಮಾಡಿಸಿದವರೂ ಅವರೇ. 2002ರ ಅಕ್ಟೋಬರ್‌ನಲ್ಲಿ ಪ್ರತಿನಿಧಿ ಸಭೆ 296ಕ್ಕೆ 133ರಂತೆ, ಸೆನೆಟ್ 77ಕ್ಕೆ 23ರಂತೆ ಅಧ್ಯಕ್ಷರಿಗೆ ಬಲಪ್ರಯೋಗದ ಅಧಿಕಾರ ನೀಡಿದ್ದೂ ನಿಜ. ಆದರೆ ಈ ಸಂದೇಶ ಕಾಲವನ್ನು ಆ ಅಕ್ಟೋಬರ್‌ನಲ್ಲೇ ನಿಲ್ಲಿಸಿಬಿಡುತ್ತದೆ. ಯುದ್ಧ ಶುರುವಾದದ್ದು 2003ರ ಮಾರ್ಚ್ 20ರಂದು. ನಡುವಿನ ಐದು ತಿಂಗಳಲ್ಲಿ ಏನೇನು ತಿಳಿದುಬಂತು, ತಿಳಿದುಬಂದದ್ದನ್ನು ಅಧ್ಯಕ್ಷರು ಏನು ಮಾಡಿದರು ಎಂಬುದರಿಂದಲೇ ಅವರ ಹೊಣೆಯನ್ನು ಅಳೆಯಬೇಕು ಎಂಬುದು ನನ್ನ ವಾದ.

ನವೆಂಬರ್ 8ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಹದಿನೈದೂ ಸದಸ್ಯ ರಾಷ್ಟ್ರಗಳು, ಇರಾಕ್ ಶಸ್ತ್ರಾಸ್ತ್ರ ತಪಾಸಣೆಗೆ ಒಪ್ಪಲೇಬೇಕೆಂಬ 1441ನೇ ನಿರ್ಣಯವನ್ನು ಒಮ್ಮತದಿಂದ ಅಂಗೀಕರಿಸಿದವು. ನಾಲ್ಕು ವರ್ಷ ಬಾಗಿಲು ಮುಚ್ಚಿಕೊಂಡಿದ್ದ ಇರಾಕ್ ಶಸ್ತ್ರಾಸ್ತ್ರ ನಿರೀಕ್ಷಕರನ್ನು ಒಳಗೆ ಬಿಟ್ಟುಕೊಂಡಿತು. ಇದು ಬುಷ್ ಅವರು ಹಾಕಿದ ಒತ್ತಡದಿಂದಲೇ ಆದ ಕೆಲಸ, ಅದರ ಶ್ರೇಯಸ್ಸು ಅವರಿಗೇ ಸಲ್ಲಬೇಕು. ವಿಶ್ವಸಂಸ್ಥೆಯ ಮುಖ್ಯ ನಿರೀಕ್ಷಕ ಹಾನ್ಸ್ ಬ್ಲಿಕ್ಸ್ ಅವರ ತಂಡ ನೂರಾರು ಸ್ಥಳಗಳಿಗೆ ಹೋಯಿತು. ಅವುಗಳಲ್ಲಿ ಅಮೆರಿಕದ ಗುಪ್ತಚರರು ಹೆಸರಿಸಿದ ಜಾಗಗಳೂ ಇದ್ದವು. ಅಸ್ತ್ರಗಳ ದಾಸ್ತಾನು ಎಲ್ಲಿಯೂ ಸಿಗಲಿಲ್ಲ. ಅನುಮತಿಸಿದ ದೂರಕ್ಕಿಂತ ಹೆಚ್ಚು ಹಾರಬಲ್ಲ ಅಲ್ ಸಮೌದ್ ಕ್ಷಿಪಣಿಗಳು ಸಿಕ್ಕಿದಾಗ, ಅವನ್ನು ಇರಾಕಿಗಳ ಕೈಯಿಂದಲೇ ಒಂದೊಂದಾಗಿ ನಾಶ ಮಾಡಿಸಲಾಯಿತು. ಉಳಿದ ಪ್ರಶ್ನೆಗಳನ್ನು ಪರಿಶೀಲಿಸಿ ಮುಗಿಸಲು ವರ್ಷಗಳು ಬೇಡ, ವಾರಗಳು ಸಾಲವು, ತಿಂಗಳುಗಳು ಬೇಕು ಎಂದು ಬ್ಲಿಕ್ಸ್ ಭದ್ರತಾ ಮಂಡಳಿಗೆ ಹೇಳಿದ್ದು ಮಾರ್ಚ್ 7ರಂದು. ಹತ್ತು ದಿನಗಳ ನಂತರ ಬುಷ್ ಅವರು ಸದ್ದಾಂಗೆ 48 ಗಂಟೆಗಳ ಗಡುವು ಕೊಟ್ಟರು, ಮರುದಿನ ನಿರೀಕ್ಷಕರು ಗಂಟುಮೂಟೆ ಕಟ್ಟಿಕೊಂಡು ಬಾಗ್ದಾದ್ ಬಿಡಬೇಕಾಯಿತು.

ಇನ್ನು ಅಣ್ವಸ್ತ್ರಕ್ಕೆ ಬೇಕಾದ ಯುರೇನಿಯಂ ವಿಷಯ. 2003ರ ಜನವರಿ 28ರ ಸಂಸತ್ ಭಾಷಣದಲ್ಲಿ, ಸದ್ದಾಂ ಆಫ್ರಿಕಾದಿಂದ ಗಣನೀಯ ಪ್ರಮಾಣದ ಯುರೇನಿಯಂ ಪಡೆಯಲು ಯತ್ನಿಸಿದ್ದಾಗಿ ಬ್ರಿಟಿಷ್ ಸರ್ಕಾರಕ್ಕೆ ತಿಳಿದುಬಂದಿದೆ ಎಂದು ಬುಷ್ ಹೇಳಿದರು. ಅದಕ್ಕೂ ಮೂರು ತಿಂಗಳ ಹಿಂದೆ ಸಿನ್ಸಿನಾಟಿಯಲ್ಲಿ ಅವರು ಮಾಡಬೇಕಿದ್ದ ಭಾಷಣದ ಕರಡಿನಿಂದ ಇದೇ ಆಪಾದನೆಯನ್ನು ಸಿಐಎ ಮುಖ್ಯಸ್ಥ ಜಾರ್ಜ್ ಟೆನೆಟ್ ಒತ್ತಾಯಿಸಿ ತೆಗೆಸಿದ್ದರು. ತೆಗೆಸಿದ ಮಾತು ಮತ್ತೆ ಹೇಗೆ ಒಳಗೆ ನುಸುಳಿತು? ಮಾರ್ಚ್ 7ರಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಮೊಹಮದ್ ಎಲ್‌ಬರಾದಿ, ಆ ಆಪಾದನೆಗೆ ಆಧಾರವೆಂದು ತಮಗೆ ಒಪ್ಪಿಸಿದ್ದ ನೈಜರ್ ದೇಶದ ದಾಖಲೆಗಳು ಅಸಲಿಯಲ್ಲ ಎಂದು ಘೋಷಿಸಿದರು. ಅವುಗಳಲ್ಲಿ 2000ದ ಅಕ್ಟೋಬರ್ ತಿಂಗಳ ತಾರೀಖು ಹೊತ್ತ ಒಂದು ಪತ್ರವಿತ್ತು. ಅದರ ಕೆಳಗಿದ್ದ ಸಹಿ, ಹತ್ತು ವರ್ಷಕ್ಕೂ ಹಿಂದೆಯೇ ಅಧಿಕಾರ ಬಿಟ್ಟಿದ್ದ ವಿದೇಶಾಂಗ ಸಚಿವರೊಬ್ಬರದು. ತಾಲ್ಲೂಕು ಕಚೇರಿಯ ಗುಮಾಸ್ತರೂ ಒಂದೇ ನೋಟದಲ್ಲಿ ಹಿಡಿಯಬಹುದಾದ ತಪ್ಪು ಅದು. ಇದು ಯುದ್ಧಕ್ಕೆ ಹದಿಮೂರು ದಿನ ಮೊದಲೇ ಭದ್ರತಾ ಮಂಡಳಿಯ ಎದುರು ಬಹಿರಂಗವಾಯಿತು. ಆ ಮಾತು ಭಾಷಣದಲ್ಲಿ ಇರಬಾರದಿತ್ತೆಂದು ಶ್ವೇತಭವನ ಒಪ್ಪಿಕೊಂಡದ್ದು ಜುಲೈ ತಿಂಗಳಲ್ಲಿ.

ನನಗೆ ನೋವು ತರುವ ಸಂಗತಿಯೆಂದರೆ, ಏಡ್ಸ್ ಯೋಜನೆಯನ್ನು ಬುಷ್ ಘೋಷಿಸಿದ್ದೂ ಅದೇ ಸಂಜೆಯ ಅದೇ ಭಾಷಣದಲ್ಲಿ. ಐದು ವರ್ಷಗಳಲ್ಲಿ 1,500 ಕೋಟಿ ಡಾಲರ್ ಕೊಡುತ್ತೇವೆಂದರು, ಸಂಸತ್ತು ಅದನ್ನು ಕಾಯ್ದೆ ಮಾಡಿತು, ಲಕ್ಷಾಂತರ ಜನರು ಬದುಕಿ ಉಳಿದರು. ನಿಮ್ಮ ಸಂದೇಶ ಬರೆದವರು ಅದನ್ನು ಇರಾಕ್‌ಗೆ ವಜಾ ಹಾಕುವ ಜಮೆಯಂತೆ ಬಳಸಿಕೊಂಡಿದ್ದಾರೆ. ನಮೀಬಿಯಾದಲ್ಲೋ ಉಗಾಂಡಾದಲ್ಲೋ ಒಬ್ಬ ತಾಯಿ ಬದುಕಿದ್ದರಿಂದ ಇರಾಕಿನ ಫಲೂಜಾದಲ್ಲಿ ಸತ್ತವರ ಬಗೆಗಿನ ಪ್ರಶ್ನೆ ಮುಗಿಯುವುದಿಲ್ಲ.

ಚಿಕ್ಕಪ್ಪ (ಹ್ಯೂಸ್ಟನ್):
ನೀನು ವಿವರವಾಗಿ ಬರೆದದ್ದು ಸಂತೋಷ. ಆದರೆ ನಿನ್ನ ಬರಹದಲ್ಲಿ ಆ ದಿನಗಳ ಭಯ ಕಾಣುತ್ತಿಲ್ಲ. 2001ರ ಸೆಪ್ಟೆಂಬರ್ 11ರಂದು ನಾನು ಇಲ್ಲಿದ್ದೆ, ಆಮೇಲೆ ಆಂಥ್ರಾಕ್ಸ್ ಪುಡಿ ತುಂಬಿದ ಲಕೋಟೆಗಳು ಸೆನೆಟರ್‌ಗಳ ಕಚೇರಿಗೆ ಬಂದವು. ಇನ್ನೊಮ್ಮೆ ಎಚ್ಚರ ತಪ್ಪಿದರೆ ದೇಶ ಕ್ಷಮಿಸುವುದಿಲ್ಲ ಎಂಬ ಸ್ಥಿತಿಯಲ್ಲಿ ಒಬ್ಬ ಅಧ್ಯಕ್ಷ ಸಂಶಯದ ಲಾಭವನ್ನು ಸದ್ದಾಂನಂಥವನಿಗೆ ಕೊಡಬೇಕಿತ್ತೇ? ಬ್ರಿಟನ್, ಜರ್ಮನಿ, ಫ್ರಾನ್ಸ್ ದೇಶಗಳ ಗುಪ್ತಚರರಿಗೂ ಅವನ ಮೇಲೆ ಅದೇ ಗುಮಾನಿ ಇತ್ತು. ಗುಪ್ತಚರ ವಿಶ್ಲೇಷಕರ ಮೇಲೆ ರಾಜಕೀಯ ಒತ್ತಡ ಬಿದ್ದದ್ದಕ್ಕೆ ಸಾಕ್ಷ್ಯವಿಲ್ಲವೆಂದು ಇರಾಕ್ ಕುರಿತ ಗುಪ್ತಚರ ಮಾಹಿತಿಯ ತಪ್ಪುಗಳನ್ನು ಪರಿಶೀಲಿಸಿದ ಸಿಲ್ಬರ್ಮನ್–ರಾಬ್ ಆಯೋಗವೇ 2005ರಲ್ಲಿ ಹೇಳಿದೆ. ನನ್ನ ಮಗಳು ಹೇಳುವ ಹಾಗೆ ಅವರು ತಿಳಿದೂ ಸುಳ್ಳು ಹೇಳಿದರು ಎನ್ನುವುದನ್ನು ನೀನಾದರೂ ಒಪ್ಪುತ್ತೀಯಾ?

ನಾನು:
ಒಪ್ಪುವುದಿಲ್ಲ, ಚಿಕ್ಕಪ್ಪ. ಇದನ್ನು ತಂಗಿಗೂ ನೇರವಾಗಿ ಹೇಳುತ್ತೇನೆ. ಅಸ್ತ್ರಗಳಿಲ್ಲವೆಂದು ಬುಷ್ ಅವರಿಗೆ ಗೊತ್ತಿತ್ತು ಎನ್ನಲು ಆಧಾರವಿಲ್ಲ. ತಮ್ಮ ಬಳಿ ಅಂಥ ಅಸ್ತ್ರಗಳಿಲ್ಲವೆಂದು ಸದ್ದಾಂ ತಿಳಿಸಿದಾಗ ಅವನ ಸೇನಾಧಿಕಾರಿಗಳೇ ಬೆಚ್ಚಿದ್ದರೆಂಬುದು ಆಮೇಲಿನ ವಿಚಾರಣೆಗಳಿಂದ ಹೊರಬಂತು. ತೈಲವೊಂದೇ ಕಾರಣ ಎಂಬುದೂ ನಿಲ್ಲುವುದಿಲ್ಲ. 2009ರ ಹರಾಜಿನಲ್ಲಿ ಅತಿ ದೊಡ್ಡದಾದ ರುಮೈಲಾ ತೈಲಕ್ಷೇತ್ರ ಬ್ರಿಟನ್ನಿನ ಬಿಪಿ ಹಾಗೂ ಚೀನಾದ ಸರ್ಕಾರಿ ಕಂಪನಿಯ ಪಾಲಾಯಿತು.

ಆದರೆ ಆ ಆಯೋಗದ ಮಾತನ್ನು ಉಲ್ಲೇಖಿಸುವಾಗ ಇನ್ನೊಂದನ್ನೂ ಹೇಳಬೇಕು. ಗುಪ್ತಚರ ಮಾಹಿತಿಯನ್ನು ಆಳುವವರು ಹೇಗೆ ಬಳಸಿಕೊಂಡರು ಎಂಬುದನ್ನು ತನಿಖೆ ಮಾಡುವ ಅಧಿಕಾರವೇ ಆ ಆಯೋಗಕ್ಕೆ ಇರಲಿಲ್ಲ. ಆ ಪ್ರಶ್ನೆಯನ್ನು ಕೈಗೆತ್ತಿಕೊಂಡದ್ದು ಸೆನೆಟ್ಟಿನ ಗುಪ್ತಚರ ಸಮಿತಿ, 2008ರ ಜೂನ್‌ನ ವರದಿಯಲ್ಲಿ. ಅಸ್ತ್ರಗಳ ಬಗ್ಗೆ ಆಡಳಿತ ಹೇಳಿದ್ದಕ್ಕೆ ಬಹುಮಟ್ಟಿಗೆ ಗುಪ್ತಚರ ಆಧಾರವಿತ್ತು, ಆದರೆ ಅದರೊಳಗಿದ್ದ ಅನುಮಾನಗಳನ್ನು ಜನರ ಮುಂದೆ ಇಡಲಿಲ್ಲ ಎಂದಿತು ಆ ವರದಿ. ಸದ್ದಾಂಗೂ ಅಲ್ ಖೈದಾಗೂ ಪಾಲುದಾರಿಕೆ ಇತ್ತೆಂಬ ಮಾತುಗಳಿಗಂತೂ ಗುಪ್ತಚರ ಮಾಹಿತಿಯ ಬೆಂಬಲವೇ ಇರಲಿಲ್ಲ ಎಂದಿತು. ಸಮಿತಿಯಲ್ಲಿದ್ದ, ಬುಷ್ ಅವರ ಪಕ್ಷದವರಾದ ರಿಪಬ್ಲಿಕನ್ನರಲ್ಲಿ ಹೆಚ್ಚಿನವರು ಅದನ್ನು ಒಪ್ಪಲಿಲ್ಲ ಎಂಬುದನ್ನೂ ಸೇರಿಸುತ್ತೇನೆ.

ಅನುಮಾನಗಳು ಇದ್ದದ್ದು ಎಲ್ಲಿ ಎಂದು ನೀವು ಕೇಳಬಹುದು. ಅಮೆರಿಕದ ಗುಪ್ತಚರ ಸಂಸ್ಥೆಗಳು ಒಟ್ಟಾಗಿ ಸಿದ್ಧಪಡಿಸಿದ 2002ರ ಅಕ್ಟೋಬರ್‌ನ ರಾಷ್ಟ್ರೀಯ ಗುಪ್ತಚರ ಅಂದಾಜಿನೊಳಗೇ ಇದ್ದವು. ಇರಾಕ್ ತರಿಸಿಕೊಳ್ಳುತ್ತಿದ್ದ ಅಲ್ಯೂಮಿನಿಯಂ ಕೊಳವೆಗಳು ಯುರೇನಿಯಂ ಸಂಸ್ಕರಿಸುವ ಯಂತ್ರಗಳಿಗಲ್ಲ, ಮಾಮೂಲಿ ರಾಕೆಟ್‌ಗಳಿಗೆ ಇರಬೇಕು ಎಂದು ಆ ಯಂತ್ರಗಳನ್ನು ಬಲ್ಲ ಇಂಧನ ಇಲಾಖೆಯ ತಜ್ಞರು ಹೇಳಿದ್ದರು. ವಿದೇಶಾಂಗ ಇಲಾಖೆಯ ಗುಪ್ತಚರ ವಿಭಾಗ ಅಣ್ವಸ್ತ್ರದ ತೀರ್ಮಾನಕ್ಕೇ ಭಿನ್ನಮತ ದಾಖಲಿಸಿತ್ತು. ಆ ಗೋಪ್ಯ ದಾಖಲೆಯನ್ನು ಪೂರ್ತಿ ಓದಿದ ಸೆನೆಟರ್‌ಗಳು ಬೆರಳೆಣಿಕೆಯಷ್ಟು. ಓದಿದವರಲ್ಲಿ ಒಬ್ಬರಾದ, ಆಗ ಗುಪ್ತಚರ ಸಮಿತಿಯ ಅಧ್ಯಕ್ಷರೇ ಆಗಿದ್ದ ಬಾಬ್ ಗ್ರಹಾಂ ಯುದ್ಧದ ವಿರುದ್ಧ ಮತ ಹಾಕಿದರು. ಆದ್ದರಿಂದ ಹಿಲರಿ, ಕೆರಿ, ಬೈಡನ್ ಅವರ ಹೆಸರುಗಳನ್ನು ಹಿಡಿದು ತೋರಿಸುವುದರಿಂದ ಅವರ ತಪ್ಪು ಸಾಬೀತಾಗುತ್ತದೆಯೇ ಹೊರತು ಬುಷ್ ಅವರ ಹೊಣೆ ಕಡಿಮೆಯಾಗುವುದಿಲ್ಲ.

ಭಾವ (ಉಡುಪಿ):
ಇಷ್ಟು ಹೊತ್ತು ಓದುತ್ತಿದ್ದೆ. ನಾನು 1990ರ ಆಗಸ್ಟ್ 2ರಂದು ಕುವೈತಿನಲ್ಲಿದ್ದವನು. ಸದ್ದಾಂನ ಟ್ಯಾಂಕುಗಳು ರಸ್ತೆಯಲ್ಲಿ ಬಂದು ನಿಂತದ್ದನ್ನು, ನಾನು ಕೆಲಸ ಮಾಡುತ್ತಿದ್ದ ಗೋದಾಮಿನ ಮಾಲೆಲ್ಲ ಸೈನಿಕರ ಲಾರಿಗಳಲ್ಲಿ ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ. ಬಾಸ್ರಾ, ಬಾಗ್ದಾದ್ ದಾಟಿ ಜೋರ್ಡಾನ್ ಗಡಿಯ ಮರಳಿನಲ್ಲಿ ಡೇರೆಯಲ್ಲಿ ಬಿದ್ದಿದ್ದು, ಅಮ್ಮಾನ್‌ನಿಂದ ಏರ್ ಇಂಡಿಯಾ ವಿಮಾನ ಹತ್ತಿ ಮುಂಬಯಿಗೆ ಇಳಿದೆವು. ನಮ್ಮ ಕರಾವಳಿಯ ಎಷ್ಟೋ ಮನೆಗಳ ಉಳಿತಾಯ ಆ ಒಂದು ವಾರದಲ್ಲಿ ಮಣ್ಣುಪಾಲಾಯಿತು. 1988ರಲ್ಲಿ ಹಲಬ್ಜಾದ ಕುರ್ದರ ಮೇಲೆ ವಿಷಾನಿಲ ಸುರಿಸಿ ಸುಮಾರು ಐದು ಸಾವಿರ ಜನರನ್ನು ಕೊಂದವನು ಅವನು. ಅವನನ್ನು ಕೆಳಗಿಳಿಸಿದ್ದಕ್ಕಾಗಿ ಬುಷ್ ಅವರನ್ನು ಕಟಕಟೆಯಲ್ಲಿ ನಿಲ್ಲಿಸುವುದು ನನಗೆ ಸರಿ ಕಾಣುವುದಿಲ್ಲ.

ದೊಡ್ಡಪ್ಪ (ಮೈಸೂರು):
ಭಾರತದ ವಿಷಯವಾಗಿ ಒಂದು ಮಾತು ಸೇರಿಸುತ್ತೇನೆ. 2003ರ ಬೇಸಿಗೆಯಲ್ಲಿ ಅಮೆರಿಕ ನಮ್ಮಿಂದ ಒಂದು ಡಿವಿಷನ್‌ನಷ್ಟು ಸೈನ್ಯವನ್ನು ಇರಾಕ್‌ಗೆ ಕೇಳಿತ್ತು, ಕಳಿಸಬೇಕೆನ್ನುವವರು ದೆಹಲಿಯಲ್ಲೂ ಇದ್ದರು. ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಕಳಿಸಲಾಗದು ಎಂದು ವಾಜಪೇಯಿ ಅವರ ಸರ್ಕಾರ ಜುಲೈ 14ರಂದು ತೀರ್ಮಾನಿಸಿತು. ಅದಾದ ಎರಡೇ ವರ್ಷಕ್ಕೆ, 2005ರ ಜುಲೈನಲ್ಲಿ, ಅದೇ ಬುಷ್ ಅವರು ಮನಮೋಹನ ಸಿಂಗ್ ಅವರ ಜೊತೆ ಅಣು ಸಹಕಾರದ ಹೇಳಿಕೆಗೆ ಮುಂದಾದರು. ಯುದ್ಧದಲ್ಲಿ ಜೊತೆ ನಿಲ್ಲದ ದೇಶದ ಮೇಲೆ ಅವರು ಹಗೆ ಸಾಧಿಸಲಿಲ್ಲ ಎಂಬುದನ್ನು ಗಮನಿಸಬೇಕು.

ನಾನು:
ದೊಡ್ಡಪ್ಪ, ಅದು ನ್ಯಾಯವಾದ ಮಾತು. 2008ರ ಸೆಪ್ಟೆಂಬರ್‌ನಲ್ಲಿ ಅಣು ಪೂರೈಕೆ ರಾಷ್ಟ್ರಗಳ ಗುಂಪಿನಿಂದ ಭಾರತಕ್ಕೆ ವಿನಾಯಿತಿ ಸಿಕ್ಕದ್ದು ಬುಷ್ ಅವರ ಹಟದಿಂದಲೇ. ಇರಾಕ್‌ಗೆ ಸೈನ್ಯ ಕಳಿಸದಿದ್ದದ್ದು ವಾಜಪೇಯಿ ಅವರು ತೆಗೆದುಕೊಂಡ ಅತ್ಯುತ್ತಮ ನಿರ್ಧಾರಗಳಲ್ಲಿ ಒಂದೆಂದು ನಾನು ಆಗಲೂ ಅಂದುಕೊಂಡಿದ್ದೆ, ಈಗಲೂ ಹಾಗೆಯೇ ತಿಳಿದಿದ್ದೇನೆ.

ಭಾವ, ನಿಮ್ಮ ಅನುಭವದ ಎದುರು ವಾದ ಹೂಡುವ ಅರ್ಹತೆ ನನಗಿಲ್ಲ, ಸದ್ದಾಂ ಬಗ್ಗೆ ನೀವು ಬರೆದ ಒಂದೊಂದು ಅಕ್ಷರವೂ ನಿಜ. ಆದರೆ ಅವನನ್ನು ಕೆಳಗಿಳಿಸಿದ ಮೇಲೆ ನಡೆದದ್ದು ಕೂಡ ಅದೇ ಅಧ್ಯಕ್ಷರ ದಾಖಲೆಗೇ ಸೇರುತ್ತದೆ. ಆಕ್ರಮಿತ ಇರಾಕನ್ನು ಸಂಭಾಳಿಸಲು ಹಲವು ಲಕ್ಷ ಸೈನಿಕರು ಬೇಕೆಂದು ಭೂಸೇನೆಯ ಮುಖ್ಯಸ್ಥ ಜನರಲ್ ಶಿನ್ಸೆಕಿ ಯುದ್ಧಕ್ಕೆ ಮೊದಲೇ ಸೆನೆಟ್ಟಿಗೆ ಹೇಳಿದ್ದರು, ರಕ್ಷಣಾ ಇಲಾಖೆಯ ನಾಗರಿಕ ಮುಖಂಡರು ಆ ಮಾತನ್ನು ತಳ್ಳಿಹಾಕಿದರು. 2003ರ ಮೇ ತಿಂಗಳಲ್ಲಿ, ಇರಾಕಿನ ಆಡಳಿತಕ್ಕೆ ಅಮೆರಿಕ ನೇಮಿಸಿದ್ದ ಪಾಲ್ ಬ್ರೆಮರ್ ಒಂದೇ ವಾರದ ಅಂತರದಲ್ಲಿ ಎರಡು ಆದೇಶ ಹೊರಡಿಸಿ, ಸದ್ದಾಂನ ಬಾತ್ ಪಕ್ಷದ ಮೇಲಿನ ಸ್ತರದವರನ್ನೆಲ್ಲ ಸರ್ಕಾರಿ ಕೆಲಸದಿಂದ ತೆಗೆದರು, ಇರಾಕಿನ ಸೇನೆಯನ್ನೇ ವಿಸರ್ಜಿಸಿದರು. ಲಕ್ಷಾಂತರ ಜನರು ಕೈಯಲ್ಲಿ ಬಂದೂಕು ಇದ್ದೂ ಸಂಬಳ ಇಲ್ಲದವರಾಗಿ ಮನೆಗೆ ಹೋದರು. ಆ ಹಳೆಯ ಸೇನಾಧಿಕಾರಿಗಳಲ್ಲಿ ಕೆಲವರು ಮುಂದೆ ಐಸಿಸ್‌ನ ಮೇಲ್ಪಂಕ್ತಿಯಲ್ಲಿ ಕಾಣಿಸಿಕೊಂಡರು. 2014ರ ಜೂನ್‌ನಲ್ಲಿ ಮೋಸುಲ್ ಅವರ ಕೈಗೆ ಬಿದ್ದಾಗ ಅಲ್ಲಿ ಕಟ್ಟಡ ಕೆಲಸಕ್ಕಿದ್ದ ನಮ್ಮ 39 ಕಾರ್ಮಿಕರು ಹತರಾದರು. ಅವರ ಮನೆಯವರು ಸುದ್ದಿ ಖಚಿತವಾಗುವುದಕ್ಕೆ 2018ರವರೆಗೆ ಕಾಯಬೇಕಾಯಿತು. ನಿಮ್ಮಂತೆಯೇ ಊರು ಬಿಟ್ಟು ದುಡಿಯಲು ಹೋದವರು ಅವರು.

ಚಿಕ್ಕಮ್ಮ (ಹ್ಯೂಸ್ಟನ್):
ಸಂದೇಶದಲ್ಲಿರುವ ವಿಯೆಟ್ನಾಂ ಹೋಲಿಕೆಯನ್ನು ಓದಿ ಸುಮ್ಮನಿರಲು ಆಗಲಿಲ್ಲ. ಫಿಸಿಯೋಥೆರಪಿಸ್ಟ್ ಆಗಿ ಆ ವರ್ಷಗಳಲ್ಲಿ ಇರಾಕ್‌ನಿಂದ ಕಾಲು ಕಳೆದುಕೊಂಡು ಬಂದ ಹುಡುಗರಿಗೆ ನಡೆಯಲು ಕಲಿಸಿದವಳು ನಾನು. ಬೆಳಗ್ಗೆ ಬಿಗಿಯಾಗಿ ಕೂರುತ್ತಿದ್ದ ಕೃತಕ ಕಾಲು ಮಧ್ಯಾಹ್ನದ ಹೊತ್ತಿಗೆ ಸಡಿಲವಾಗುತ್ತದೆ, ಏಕೆಂದರೆ ಉಳಿದ ಕಾಲಿನ ಮಾಂಸ ದಿನವೇರಿದಂತೆ ಕುಗ್ಗುತ್ತದೆ. ಆಗ ಅದರ ಮೇಲೆ ಒಂದೊಂದಾಗಿ ದಪ್ಪ ಕಾಲುಚೀಲಗಳನ್ನು ಏರಿಸಿ, ಮತ್ತೆ ಕಾಲು ತೊಡಿಸಿ, ಸರಳುಗಳ ನಡುವೆ ನಿಲ್ಲಿಸುತ್ತಿದ್ದೆವು. ಚರ್ಮ ಸುಲಿದು ರಕ್ತ ಬಂದರೆ ಆ ವಾರದ ಕಲಿಕೆಯೆಲ್ಲ ನಿಂತುಹೋಗುತ್ತಿತ್ತು. ವಿಯೆಟ್ನಾಂ ಕಾಲದಲ್ಲಾಗಿದ್ದರೆ ಇವರಲ್ಲಿ ಅನೇಕರು ರಣರಂಗದಲ್ಲೇ ಸಾಯುತ್ತಿದ್ದರೆಂದು ವೈದ್ಯರು ಹೇಳುತ್ತಿದ್ದರು. ಗುಂಡು ತಡೆಯುವ ಕವಚ, ಗಂಟೆಯೊಳಗೆ ಸಿಗುವ ಶಸ್ತ್ರಚಿಕಿತ್ಸೆ ಅವರನ್ನು ಉಳಿಸಿದವು. ಸತ್ತವರ ಸಂಖ್ಯೆಯನ್ನು ಮಾತ್ರ ಹಿಡಿದು ಯುದ್ಧ ಚಿಕ್ಕದೆನ್ನಬೇಡಿ. ಗಾಯಗೊಂಡವರು ಮೂವತ್ತು ಸಾವಿರಕ್ಕೂ ಹೆಚ್ಚು.

ನಾನು:
ಚಿಕ್ಕಮ್ಮ, ನೀವು ಬರೆದದ್ದು ಒಳ್ಳೆಯದಾಯಿತು. ಅದೇ ಸಾಲಿನಲ್ಲಿ ಇನ್ನೊಂದು ದೊಡ್ಡ ಲೋಪವಿದೆ. ಇರಾಕಿಗಳು ಎಷ್ಟು ಜನ ಸತ್ತರು ಎಂಬ ಒಂದು ಪದವೂ ಸಂದೇಶದಲ್ಲಿಲ್ಲ. ಸುದ್ದಿಗಳನ್ನೂ ಶವಾಗಾರದ ದಾಖಲೆಗಳನ್ನೂ ಹೋಲಿಸಿ ಒಂದೊಂದು ಘಟನೆಯಾಗಿ ಲೆಕ್ಕ ಇಟ್ಟ ಇರಾಕ್ ಬಾಡಿ ಕೌಂಟ್ ಎಂಬ ಸಂಸ್ಥೆಯ ಪ್ರಕಾರವೇ 2011ರ ಕೊನೆಗೆ ಹಿಂಸೆಗೆ ಬಲಿಯಾದ ನಾಗರಿಕರು ಒಂದು ಲಕ್ಷ ದಾಟಿದ್ದರು. ಮನೆಮನೆ ಸಮೀಕ್ಷೆಯ ಅಂದಾಜುಗಳು ಅದಕ್ಕಿಂತ ಬಹಳ ಮೇಲೆ ಹೋಗುತ್ತವೆ, ಅವುಗಳ ಬಗ್ಗೆ ತಜ್ಞರಲ್ಲಿ ಜಗಳವಿದೆ. ನಾನು ಕನಿಷ್ಠ ಲೆಕ್ಕವನ್ನೇ ಹಿಡಿಯುತ್ತೇನೆ, ನನ್ನ ವಾದಕ್ಕೆ ಅಷ್ಟೇ ಸಾಕು.

ಚಿಕ್ಕಪ್ಪನ ಮಗಳು (ಆಸ್ಟಿನ್):
ಅಣ್ಣಾ, ಸುಳ್ಳು ಎನ್ನಲು ಸಾಕ್ಷ್ಯ ಸಾಲದು ಎಂದು ನೀನು ಹೇಳಿದ್ದನ್ನು ಒಪ್ಪುವುದು ನನಗೆ ಕಷ್ಟ. ತನಗೇ ಖಚಿತವಿಲ್ಲದ್ದನ್ನು ಖಚಿತವೆಂದು ಹೇಳಿ ಜನರನ್ನು ಸಾವಿಗೆ ಕಳಿಸುವುದಕ್ಕೂ ಸುಳ್ಳಿಗೂ ನೀನು ಯಾವ ವ್ಯತ್ಯಾಸ ಕಾಣುತ್ತೀಯೋ ಅದು ನನಗೆ ಕಾಣುವುದಿಲ್ಲ. ತೈಲದ ಮಾತನ್ನು ಮಾತ್ರ ನಾನು ಮತ್ತೊಮ್ಮೆ ಓದಿ ನೋಡುತ್ತೇನೆ.

ಚಿಕ್ಕಪ್ಪ (ಹ್ಯೂಸ್ಟನ್):
ವಿಯೆಟ್ನಾಂ ಸಾಲನ್ನು ನಾನು ವಾಪಸ್ ತೆಗೆದುಕೊಳ್ಳುತ್ತೇನೆ. ನಿಮ್ಮ ಚಿಕ್ಕಮ್ಮ ಊಟದ ಮೇಜಿನಲ್ಲೂ ಅದನ್ನೇ ಹೇಳಿದಳು. ಆದರೆ ನಿನ್ನ ಮುಖ್ಯ ವಾದದಲ್ಲಿ ಒಂದು ಬಿರುಕಿದೆ. ಸದ್ದಾಂ ನಿರೀಕ್ಷಕರನ್ನು ಒಳಗೆ ಬಿಟ್ಟದ್ದೇ ಗಡಿಯಲ್ಲಿ ಅಮೆರಿಕದ ಸೈನ್ಯ ಜಮಾಯಿಸಿದ್ದರಿಂದ. ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಮರಳುಗಾಡಿನ ಬೇಸಿಗೆಯಲ್ಲಿ ಎಷ್ಟು ತಿಂಗಳು ಕೂರಿಸಲು ಸಾಧ್ಯ? ಸೈನ್ಯ ವಾಪಸ್ ಹೋದ ಮರುವರ್ಷವೇ ಅವನು ಬ್ಲಿಕ್ಸ್ ಅವರನ್ನು ಹೊರಗೆ ಹಾಕುತ್ತಿದ್ದ. ವಿಶ್ವಸಂಸ್ಥೆಯ ದಿಗ್ಬಂಧನ ತೆರವಾದೊಡನೆ ಅಸ್ತ್ರಗಳ ಕೆಲಸವನ್ನು ಮತ್ತೆ ಶುರು ಮಾಡುವ ಉದ್ದೇಶ ಅವನಿಗಿತ್ತೆಂದು, ಯುದ್ಧದ ನಂತರ ಅಸ್ತ್ರಗಳನ್ನು ಹುಡುಕಿದ ಅಮೆರಿಕದ ತಂಡದ ಡುಲ್ಫರ್ ವರದಿಯೂ ಹೇಳಿದೆ.

ಭಾವ (ಉಡುಪಿ):
ನನ್ನ ಪ್ರಶ್ನೆಯೂ ಅದೇ. ನೀನು ಹೇಳಿದ ಹಾಗೆ ಕಾದಿದ್ದರೆ ಸದ್ದಾಂ ಗದ್ದುಗೆಯ ಮೇಲೆಯೇ ಇರುತ್ತಿದ್ದನಲ್ಲ?

ನಾನು:
ಹೌದು ಭಾವ, ಇರುತ್ತಿದ್ದ. ಅದನ್ನು ಮರೆಮಾಚಿ ನಾನು ವಾದ ಮಾಡಲಾರೆ. ಕುರ್ದರ ಹಂತಕ, ನಿಮ್ಮ ದುಡಿಮೆಯನ್ನು ದೋಚಿದವನು ಇನ್ನೆಷ್ಟೋ ವರ್ಷ ಅರಮನೆಯಲ್ಲಿ ಇರುತ್ತಿದ್ದ, ಅವನ ಸೆರೆಮನೆಗಳಲ್ಲಿ ಇನ್ನಷ್ಟು ಜನ ಸಾಯುತ್ತಿದ್ದರು. ಆದರೂ ನಾನು ಕಾಯಬೇಕಿತ್ತು ಎನ್ನುತ್ತೇನೆ. ಏಕೆಂದರೆ ಬುಷ್ ಅವರು ಅಮೆರಿಕದ ಜನರ ಮುಂದೆ ಇಟ್ಟ ಮುಖ್ಯ ಕಾರಣ ಸದ್ದಾಂನ ಕ್ರೌರ್ಯ ಅಲ್ಲ, ಅಸ್ತ್ರಗಳ ಅಪಾಯ. ಆ ಅಪಾಯ ಎಷ್ಟು ನಿಜವೆಂದು ತಿಳಿಯುವ ಕೆಲಸ ನೆಲದ ಮೇಲೆ ನಡೆಯುತ್ತಿದ್ದಾಗಲೇ ಅದನ್ನು ಅರ್ಧಕ್ಕೆ ನಿಲ್ಲಿಸಿದವರು ಅವರು.

ಚಿಕ್ಕಪ್ಪ, ಸೈನ್ಯದ ಒತ್ತಡದಿಂದಲೇ ನಿರೀಕ್ಷಣೆ ಸಾಧ್ಯವಾಯಿತು ಎಂಬ ನಿಮ್ಮ ಮಾತನ್ನು ಬ್ಲಿಕ್ಸ್ ಅವರೇ ಒಪ್ಪಿದ್ದರು. ಹಾಗಾದರೆ ಒತ್ತಡ ಫಲ ಕೊಡುತ್ತಿತ್ತು ಎಂದಲ್ಲವೇ? ಡುಲ್ಫರ್ ವರದಿಯನ್ನೂ ನೀವು ಅರ್ಧ ಉಲ್ಲೇಖಿಸಿದ್ದೀರಿ. ಸದ್ದಾಂಗೆ ಉದ್ದೇಶವಿತ್ತು ಎಂದ ಅದೇ ವರದಿ, ದಾಸ್ತಾನು ಬಹುಪಾಲು 1991ರಲ್ಲೇ ನಾಶವಾಗಿತ್ತು, ದಿಗ್ಬಂಧನದ ಕಾಲದಲ್ಲಿ ಅವನ ಅಣ್ವಸ್ತ್ರ ಸಾಮರ್ಥ್ಯ ಕುಸಿಯುತ್ತಲೇ ಹೋಗಿತ್ತು ಎಂದೂ ಹೇಳುತ್ತದೆ. ಬೇಸಿಗೆಯ ಬಿಸಿಲಿಗೆ ಹೆದರಿ ಶುರು ಮಾಡಿದ ಯುದ್ಧ ಅಲ್ಲಿ ಒಂಬತ್ತು ಬೇಸಿಗೆಗಳವರೆಗೆ ಅದೇ ಸೈನ್ಯವನ್ನು ಹಿಡಿದಿಟ್ಟುಕೊಂಡಿತು. ಕೊನೆಯ ತುಕಡಿ ಗಡಿ ದಾಟಿ ಕುವೈತಿಗೆ ಬಂದದ್ದು 2011ರ ಡಿಸೆಂಬರ್‌ನಲ್ಲಿ.

ಚಿಕ್ಕಪ್ಪ (ಹ್ಯೂಸ್ಟನ್):
ಅಣು ಒಪ್ಪಂದ ಮತ್ತು ಏಡ್ಸ್ ಯೋಜನೆಯ ವಿಷಯದಲ್ಲಿ ನಾನು ಒಂದಿಂಚೂ ಹಿಂದೆ ಸರಿಯುವುದಿಲ್ಲ, 2004ರಲ್ಲಿ ನನ್ನೆದುರು ಇದ್ದ ಆಯ್ಕೆಗಳಲ್ಲಿ ನನ್ನ ಮತ ಸರಿಯಿತ್ತೆಂದೇ ಹೇಳುತ್ತೇನೆ. ಬ್ಲಿಕ್ಸ್ ಅವರ ಮಾರ್ಚ್ 7ರ ವರದಿಯನ್ನು ಪೂರ್ತಿಯಾಗಿ ನಾನು ಎಂದೂ ಓದಿಲ್ಲ. ಅದನ್ನು ಇಲ್ಲಿ ಹಾಕು, ಓದಿದ ಮೇಲೆ ಉತ್ತರ ಬರೆಯುತ್ತೇನೆ.

ನಾನು:
ಬ್ಲಿಕ್ಸ್ ಅವರ ವರದಿಯನ್ನೂ ಅದೇ ದಿನ ಎಲ್‌ಬರಾದಿ ಅವರು ಕೊಟ್ಟ ವರದಿಯನ್ನೂ ಹಾಕಿದ್ದೇನೆ. ಎರಡನ್ನೂ ಒಟ್ಟಿಗೆ ಓದಿ, ಚಿಕ್ಕಪ್ಪ.